ವಗೈರೆಯ ವೈರಿ

ಬಾಗೇವಾಡಿ ಸರ್ ಎದುರು ‘ವಗೈರೆ’ ಎಂಬ ಮಾತು ಬಂದರೆ ಸಾಕು, ಉಪ್ಪಿಟ್ಟಿನಲ್ಲಿ ಕೂದಲು ಸಿಕ್ಕವರ ಹಾಗೆ ಮುಖ ಸಿಂಡರಿಸುತ್ತಿದ್ದರು. ಪುಣೆಯಲ್ಲಿ ಆ ಮಾತಿಲ್ಲದೆ ಒಂದು ಚಹಾ ಕೂಡ ಮುಗಿಯುವುದಿಲ್ಲ. ಹಾಗಾಗಿ ಅವರ ಮುಖ ಸಡಿಲಾಗಿದ್ದುದನ್ನು ನಾನು ಕಂಡದ್ದೇ ಕಡಿಮೆ. “ವಗೈರೆ ಅನ್ನೋದು ಹೊಲಸ್ರೀ. ವಿಚಾರ ಮಾಡ್ಲಿಕ್ಕೆ ಬ್ಯಾಸರಾದವರ ಮಾತದು,” ಎನ್ನುತ್ತಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ ನಾವಿಬ್ಬರೂ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿದ್ದೆವು. ಸರ್ ಧಾರವಾಡದವರು, ತರ್ಕಶಾಸ್ತ್ರ ಅರೆದು ಕುಡಿದವರು. ಪ್ರೋಗ್ರಾಂ ಬರೆಯುವುದು ಮನುಷ್ಯರ ಕೆಲಸವೇ ಅಲ್ಲ ಎಂಬುದು ಅವರ ಹಟ. ಏನು ಆಗಲೇಬೇಕು, ಏನು ಆಗಲೇಬಾರದು ಎಂದಷ್ಟೇ ತರ್ಕದ ಭಾಷೆಯಲ್ಲಿ ಹೇಳಿದರೆ ಪ್ರೋಗ್ರಾಮನ್ನು ತಾನೇ ಹೆಣೆದುಕೊಡುವ ಸಾಧನವೊಂದನ್ನು ವರ್ಷಗಟ್ಟಲೆ ಕೂತು ಕಟ್ಟಿದ್ದರು. ಯಂತ್ರ ಮೂರಿರಲಿ, ಮೂವತ್ತಿರಲಿ, ಹೆಣೆದದ್ದು ಎಲ್ಲಕ್ಕೂ ಸಲ್ಲಬೇಕು. ಮೂರಕ್ಕೆ ನಡೆದದ್ದು ಎಷ್ಟಕ್ಕಾದರೂ ನಡೆದೀತು ಎಂದು ಸಾಧಿಸಿ ತೋರಿಸದೆ ಹೇಳುವವರನ್ನು ಕಂಡರೆ ಅವರಿಗೆ ಹೇಸಿಗೆ; ಅವರ ಪಾಲಿಗೆ ಅದೂ ‘ವಗೈರೆ’ಯೇ.

ಪುಣೆ ಹತ್ತಿರದ ಭೋಸರಿಯ ಒಂದು ಕಾರ್ಖಾನೆಯಿಂದ ಕೆಲಸ ಬಂತು. ಸಾಲಾಗಿ ಪ್ರೆಸ್ ಯಂತ್ರಗಳು, ಅವುಗಳ ಭಾರದ ಅಚ್ಚು ಎತ್ತಿ ಕೂರಿಸಲು ಎಲ್ಲಕ್ಕೂ ಸೇರಿ ಒಂದೇ ಕ್ರೇನ್. ಸರ್ ಎರಡು ನಿಯಮ ಹಾಕಿದರು: ಕ್ರೇನ್ ಒಮ್ಮೆಗೆ ಇಬ್ಬರಿಗೆ ಸಿಗಬಾರದು, ಕೇಳಿದವರಿಗೆ ಒಂದಲ್ಲ ಒಂದು ಹೊತ್ತಿಗೆ ಸಿಗಲೇಬೇಕು. ಎರಡೂ ಸೇರಿದಾಗ ಕಂಪ್ಯೂಟರ್ ದಿನಗಟ್ಟಲೆ ಗುರುಗುಟ್ಟುತ್ತಲೇ ಉಳಿಯಿತು, ಪ್ರೋಗ್ರಾಂ ಹೊರಬರಲಿಲ್ಲ. ನಮ್ಮ ಮಾಲೀಕ ಬೆಳಗಾವಿ ಕಡೆಯ ವ್ಯಾಪಾರಸ್ಥ, ತಾಳ್ಮೆ ಎಂಬುದಿಲ್ಲ. ಎರಡನೆಯ ನಿಯಮ ತೆಗೆಯಿರಿ, ಮೂರು ಯಂತ್ರಗಳ ಮೇಲೆ ತೋರಿಸಿ ಕೊಟ್ಟುಬಿಡೋಣ ಎಂದ.

“ಅದನ್ನ ತಗದ್ರ ಕಡೀ ಮಷಿನ್‌ನವಗ ಪಾಳಿನ ಬರೂದಿಲ್ರಿ. ಅವಾ ಏನ್ ಮಾಡ್ಬೇಕು?” ಎಂದರು ಸರ್.

ಅವರು ಒಪ್ಪದಿದ್ದಾಗ ಮಾಲೀಕ ಆ ನಿಯಮವನ್ನು ಇನ್ನೊಬ್ಬನಿಂದ ತೆಗೆಸಿದ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಸಾಧನ ಪ್ರೋಗ್ರಾಂ ಉಗುಳಿತು: ಸಾಲಿನಲ್ಲಿ ಮುಂದಿರುವ ಯಂತ್ರಕ್ಕೇ ಯಾವಾಗಲೂ ಮೊದಲು. ಮೂರು ಯಂತ್ರಗಳಿಗೆ ಅದು ಚೆನ್ನಾಗಿಯೇ ನಡೆಯಿತು. ಪೇಢೆ ಹಂಚಿದರು. ಸರ್ ಮುಟ್ಟಲಿಲ್ಲ.

ಕಾರ್ಖಾನೆಯಲ್ಲಿ ಯಂತ್ರಗಳ ಸಾಲು ಬೆಳೆಯಿತು. ಕಡೆಯ ಪ್ರೆಸ್ಸಿನ ಕೆಲಸಗಾರ ಶಿಂಧೆ ಕ್ರೇನಿಗೆ ಕಾದು ಕಾದು, ಮೇಸ್ತ್ರಿಯ ಬೈಗುಳ ತಾಳದೆ, ಉಕ್ಕಿನ ಅಚ್ಚನ್ನು ಕೈಯಿಂದಲೇ ಎತ್ತಲು ಹೋಗಿ ಬೆರಳು ಜಜ್ಜಿಕೊಂಡ. ಆಗ ನಮ್ಮ ಮಾಲೀಕ ಹೇಳಿದ್ದಿಷ್ಟು: ಪ್ರೋಗ್ರಾಮಿನದೇನೂ ತಪ್ಪಿಲ್ಲ, ಕ್ರೇನ್ ಒಮ್ಮೆಯೂ ಇಬ್ಬರಿಗೆ ಹೋಗಿಲ್ಲವಲ್ಲ!

ಅಂದೇ ಸರ್ ಕೆಲಸ ಬಿಟ್ಟು, ಸದಾಶಿವ ಪೇಠದಲ್ಲಿ ಹುಡುಗರಿಗೆ ಗಣಿತ ಹೇಳತೊಡಗಿದರು. ನಾನು ಕೊನೆಯ ಸಲ ಹೋದಾಗ ಶಿಂಧೆಯ ಮಾತನ್ನೇ ತೆಗೆದರು. “ಸಾಧನಾ ಸುಳ್ಳ ಹೇಳಲಿಲ್ರಿ. ನಾವ ಅವನ್ನ ಲೆಕ್ಕಕ್ಕ ಹಿಡೀಲಿಲ್ಲ,” ಎಂದರು. ಆ ನಿಯಮ ತೆಗೆಯಲು ಒಪ್ಪದೆ ನಿಂತಿದ್ದ ಮನುಷ್ಯ ತನ್ನನ್ನೂ ‘ನಾವು’ ಎಂದು ಸೇರಿಸಿಕೊಂಡದ್ದು ಕೇಳಿ ನನಗೆ ಸಂಕಟವಾಯಿತು.

ಕೆಲವು ವರ್ಷಗಳಲ್ಲಿ ಸರ್ ತೀರಿಕೊಂಡರು. ಸಂತಾಪ ಸಭೆಗೆ ಮಾಲೀಕನೂ ಬಂದಿದ್ದ. ಮೈಕ್ ಹಿಡಿದು, “ಬಾಗೇವಾಡಿಯವರು ಭಾಳ ಶಾಣ್ಯಾರಿದ್ರು. ಪ್ರಾಮಾಣಿಕರು, ಸಾದಾ ಮನಷ್ಯಾ, ವಗೈರೆ ವಗೈರೆ,” ಎಂದ.

ನಾನು ಗೋಡೆಗೆ ಒರಗಿಸಿದ್ದ ಫೋಟೋ ನೋಡಿದೆ. ಯಾವ ಸ್ಟುಡಿಯೋದವನು ನಗಿಸಿದ್ದನೋ, ಸರ್ ನಗುತ್ತಿದ್ದರು. ಅವರ ಬದಲಿಗೆ ನಾನೇ ಮುಖ ಸಿಂಡರಿಸಿದೆ.