ಬಿಚ್ಚದ ಹಿತ್ತಾಳೆ ಪಟ್ಟಿ

‘ಆಗದ ಮಾತು’ ಎಂದು ಮೊದಲು ಅಂದವಳು ನನ್ನ ಸೋದರತ್ತೆ ಗಂಗವ್ವ. ನಾನು ಬಿ.ಎಸ್ಸಿ. ಮುಗಿಸುವುದೂ ಆಗದ ಮಾತು, ಅಪ್ಪ ಸ್ಪೀಕರಿಗೆ ಜೋಡಿ ತಂತಿ ಎಳೆದು ದನಿ ಹಸನು ಮಾಡುವುದೂ ಆಗದ ಮಾತು. “ಒಂದ ದನಿಗಿ ಎರಡ ತಂತಿ ಯಾಕೋ ತಮ್ಮಾ? ಒಂದ ಎತ್ತಿಗಿ ಎರಡ ಮೂಗದಾಣ ಹಾಕಿದಂಗಾತು!” ಎಂದು ಅವಳು ನಕ್ಕಾಗ ಅಪ್ಪನೂ ನಾನೂ ಒಟ್ಟಿಗೇ ತಲೆ ತಗ್ಗಿಸಿದ್ದೆವು.

ಸಿಂದಗಿ ಬಸ್‌ಸ್ಟ್ಯಾಂಡಿನ ಹಿಂದೆ ಅಪ್ಪನ ರೇಡಿಯೊ ರಿಪೇರಿ ಅಂಗಡಿ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟು ಪಾಟಿ ಕೆಳಗಿಟ್ಟ ಕೈ. ಆದರೆ ಆ ಕೈ ಮುಟ್ಟಿದರೆ ಸತ್ತ ಟೇಪ್‌ರೆಕಾರ್ಡರೂ ಎದ್ದು ಕೂಡುತ್ತಿತ್ತು. ಸೊಲ್ಲಾಪುರದ ಹಳೆ ಬಜಾರಿನಿಂದ ಅವನು ತಂದ ಸ್ಪೀಕರುಗಳ ಬೆನ್ನಿಗೆ ತಂತಿ ಸಿಕ್ಕಿಸುವ ನಾಲ್ಕು ನಾಲ್ಕು ತಿರುಪು, ಮೇಲಿನವನ್ನು ಕೆಳಗಿನವಕ್ಕೆ ಕೂಡಿಸುವ ಹಿತ್ತಾಳೆ ಪಟ್ಟಿ. ದಪ್ಪ ದನಿಗೊಂದು, ಸಣ್ಣ ದನಿಗೊಂದು ತಂತಿ ಕೊಟ್ಟರೆ ಅಡಗಿದ ಸಪ್ಪಳವೂ ತಿಳಿಯಾಗುತ್ತದೆಂದು ಮಾರಿದವನು ಹೇಳಿದ್ದನಂತೆ. ಅಷ್ಟೇ ಸಾಕಾಯಿತು. ಯಾಕೆಂದರೆ ನಮ್ಮಲ್ಲೊಂದು ಕ್ಯಾಸೆಟ್ ಇತ್ತು: ತೀರಿಹೋದ ಅವ್ವ ಬೀಸುತ್ತ ಹಾಡಿದ್ದು. ಕಲ್ಲಿನ ಗುಡುಗಿತ್ತು, ಹಾಡಿತ್ತು. ಹಾಡು ಮುಗಿದ ಮೇಲೆ “ಏಳವ್ವಾ, ಸಾಲಿಗಿ ಹೊತ್ತಾತು” ಎಂದು ನನ್ನನ್ನು ಎಬ್ಬಿಸಿದ್ದೂ ಅದರಲ್ಲಿ ಸಿಕ್ಕಿಬಿದ್ದಿತ್ತು. ಕೇಳಿಸದೇ ಉಳಿದದ್ದು ಅವಳ ಬಳೆಯ ಸಪ್ಪಳವೊಂದೇ. ಅಪ್ಪನಿಗೆ ಬೇಕಾದದ್ದು ಅದು.

ತಂತಿ ಎಳೆದ ದಿನ ಅವನು ಕಣ್ಣು ಮುಚ್ಚಿ ಕೂತ. “ಕೇಳಾಕತ್ತೈತಿ ನೋಡು, ಬಳಿ!” ಎಂದ. ನನಗೂ ಕೇಳಿಸಿದಂತಾಯಿತು.

ಕೊನೆಯ ವರ್ಷ, ಭೌತಶಾಸ್ತ್ರದ ಪುಸ್ತಕ ಹೊತ್ತು ವಿಜಾಪುರದಿಂದ ರಜೆಗೆ ಬಂದವಳು ಧೂಳು ಒರೆಸಲೆಂದು ಸ್ಪೀಕರು ತಿರುಗಿಸಿದೆ. ಪಟ್ಟಿಗಳು ಇದ್ದಲ್ಲೇ ಇದ್ದವು. ಅವನ್ನು ಬಿಚ್ಚದ ಹೊರತು ಜೋಡಿ ತಂತಿಯೆಂದರೆ ದಪ್ಪಗಾದ ಒಂಟಿ ತಂತಿ, ಅಷ್ಟೆ.

“ಯಪ್ಪಾ, ಪಟ್ಟಿ ತಗದs ಇಲ್ಲಲ್ಲ?”

“ಕಂಪನಿಯವ್ರು ಹಾಕಿದ್ದು ಕೀಳಬಾರದವ್ವಾ.”

ಅದು ಅವನ ಕಸುಬಿನ ನೇಮ. ನಾನೋ, ಓದಿದ ಸೊಕ್ಕಿನಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದೆ. ಅಪ್ಪ ಕ್ಯಾಸೆಟ್ ಕೈಗೆತ್ತಿಕೊಂಡು ಕೇಳಿದ: “ಹಂಗಾದ್ರ ನಾ ಕೇಳಿದ್ದೇನು?”

ಆ ಪ್ರಶ್ನೆ ಯಾವ ಪರೀಕ್ಷೆಯಲ್ಲೂ ಬರಲಿಲ್ಲ. ಪಟ್ಟಿ ಬಿಚ್ಚಿಯೂ ಕೇಳಿದೆವು. ನನ್ನ ಕಿವಿಗೆ ಭೇದ ತಿಳಿಯಲಿಲ್ಲ. ಅಪ್ಪ ಮತ್ತೆ ಬಳೆಯ ಮಾತೆತ್ತಲಿಲ್ಲ. ಜೋಡಿ ತಂತಿಯಿಂದ ದನಿ ಸುಧಾರಿಸುತ್ತದೆಯೇ ಎಂದು ನೀವು ಕೇಳಿದರೆ ಇಲ್ಲವೆಂದೇ ಹೇಳುತ್ತೇನೆ ಗೆಳೆಯರೇ, ಕಷ್ಟಪಟ್ಟು ಕಲಿತ ವಿದ್ಯೆಗೆ ಎರಡು ಬಗೆಯಲಾರೆ. ಆದರೆ ಅಪ್ಪ ಅಂದು ಕೇಳಿದ್ದು ಟೇಪಿನಿಂದಲ್ಲ, ಆ ಬಳೆಗಳ ಕೈ ಬಡಿಸಿದ ರೊಟ್ಟಿ ಉಂಡ ನೆನಪಿನಿಂದ. ಅದಕ್ಕೆ ತಂತಿ ಬೇಕಿರಲಿಲ್ಲ, ಒಂದು ನೆಪ ಬೇಕಿತ್ತು, ಆ ನೆಪವನ್ನು ನಾನು ತಿರುಪಿನ ಸಮೇತ ಬಿಚ್ಚಿಟ್ಟಿದ್ದೆ.

ಪದವಿ ಪತ್ರ ಹಿಡಿದು ಮನೆಗೆ ಬಂದ ದಿನ ನೋಡುತ್ತೇನೆ, ಅಪ್ಪ ಪಟ್ಟಿಗಳನ್ನು ತಿರುಗಿ ಹಾಕಿದ್ದ. ನಾನು ಸ್ಪೀಕರಿನ ಬೆನ್ನು ಗೋಡೆಗೆ ತಿರುಗಿಸಿ, ಪದವಿ ಪತ್ರ ಅವನ ಕೈಗಿಟ್ಟೆ. ಅವನು ಪತ್ರ ನೋಡಿ, ಕಣ್ಣೊರೆಸಿಕೊಂಡು, ತನ್ನ ಅಕ್ಕನ ಕೈಗೆ ಕೊಟ್ಟ. ಅಕ್ಷರ ಬಾರದ ಗಂಗವ್ವ ಅದನ್ನು ತಲೆಕೆಳಗಾಗಿ ಹಿಡಿದು ಅರಿಶಿನದ ಬೆರಳಿನಿಂದ ಸವರಿದಳು. ಆಮೇಲೆ ನನಗೇ ಮರಳಿಸಿದಳು.

“ಆಗಂಗಿಲ್ಲ ಅಂದಾಕಿ ನಾನs. ಈಗ ಓದು, ಜೋರಾಗಿ ಓದವ್ವಾ. ಆ ಡಬ್ಬಿಯೊಳಗ ನಿಮ್ಮವ್ವ ಕುಂತಾಳಲ್ಲ, ಆಕಿಗೂ ಕೇಳ್ಲಿ.”