ಕಣ್ಣಿಗೆ ಬಿದ್ದ ಸುಣ್ಣ

ನನ್ನ ಅಕ್ಕ ಹೊಸನಗರದಲ್ಲಿ ಹೈಸ್ಕೂಲಿನ ವಿಜ್ಞಾನದ ಟೀಚರು. ನಾನು ಸಾಗರ–ತೀರ್ಥಹಳ್ಳಿ ನಡುವೆ ಬಸ್ಸು ಓಡಿಸುವವನು. ರಜೆಯ ಒಂದು ಭಾನುವಾರ ಅವಳ ಮನೆಯಲ್ಲಿ ಹೊಟ್ಟೆ ಬಿರಿಯುವಷ್ಟು ಉಂಡು, ಎಲೆ ಅಡಿಕೆ ಹಾಕಲು ಜಗಲಿಯಲ್ಲಿ ಕೂತೆ. ಸುಣ್ಣದ ಟ್ಯೂಬಿನ ಬಾಯಿ ಒಣಗಿ ಕಟ್ಟಿಕೊಂಡಿತ್ತು. ಕಡ್ಡಿ ಹಾಕಿ ಬಿಡಿಸುವ ತಾಳ್ಮೆ ನನಗೆಲ್ಲಿಂದ ಬರಬೇಕು? ಮುಖದ ಹತ್ತಿರ ಹಿಡಿದು ಬಲವಾಗಿ ಅದುಮಿದೆ. ಪಿಚಕ್ಕನೆ ಹಾರಿದ ಸುಣ್ಣ ಸೀದಾ ಬಲಗಣ್ಣಿಗೆ ಬಿತ್ತು.

ಊರಿಗೆಲ್ಲ ಕೇಳುವ ಹಾಗೆ ಕೂಗಿದೆ. ಭಾವ ಅಡುಗೆಮನೆಯಿಂದ ನಿಂಬೆಹೋಳು ಹಿಡಿದು ಓಡಿ ಬಂದರು.

"ಸುಣ್ಣ ಕ್ಷಾರ, ನಿಂಬೆ ಆಮ್ಲ. ಎರಡೂ ಸೇರಿದ್ರೆ ಸರಿಹೋಗ್ತದೆ. ನೀನೇ ಪಾಠ ಮಾಡೋದಲ್ವಾ?" ಎಂದು ಅಕ್ಕನನ್ನು ಕೇಳಿದರು.

"ಸೇರಿದ್ರೆ ಬಿಸಿ ಹುಟ್ತದೆ, ಅದನ್ನೂ ಪಾಠ ಮಾಡ್ತೀನಿ. ಅದೆಂಥ ಕಣ್ಣಾ, ಒಲೆಯಾ? ಬಿಸಾಕಿ ಅದನ್ನ!"

ಹೇಳುತ್ತಲೇ ಅಕ್ಕ ನನ್ನ ಕುತ್ತಿಗೆ ಹಿಡಿದು ನಲ್ಲಿಯ ಕೆಳಗೆ ಬಗ್ಗಿಸಿದಳು. ಎರಡು ಬೆರಳಲ್ಲಿ ರೆಪ್ಪೆ ಅಗಲಿಸಿ ಹಿಡಿದು, ನೀರು ಬಿಟ್ಟೇ ಬಿಟ್ಟಳು.

"ಬಿಡೇ ಅಕ್ಕ, ಉರೀತದೆ!"

"ಉರೀಲಿ. ಕ್ಷಾರ ಮೇಲೆ ನಿಲ್ಲೋದಲ್ಲ, ಒಳಗೆ ಇಳೀತಾ ಹೋಗ್ತದೆ. ನೀರೇ ಗತಿ."

ನನಗೆ ಜೀವವೇ ಹೋದಷ್ಟು ಹೆದರಿಕೆಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಒಂದು ಕಣ್ಣಿಲ್ಲದವನ ಕೈಗೆ ಬಸ್ಸು ಯಾರು ಕೊಡುತ್ತಾರೆ? ನನಗೆ ಬೇರೆ ಕೆಲಸ ಬರುವುದೂ ಇಲ್ಲ.

ಬಹಳ ಹೊತ್ತು ತೊಳೆದ ಮೇಲೆ ಸಾಗರಕ್ಕೆ ಹೊರಟೆವು. ಭಾವ ಕಾರು ಓಡಿಸಿದರು. ಅಕ್ಕ ಹಿಂದಿನ ಸೀಟಿನಲ್ಲಿ ಬಾಟಲಿಯಿಂದ ಕಣ್ಣಿಗೆ ನೀರು ಹೊಯ್ಯುತ್ತ, ನನ್ನ ಎಲೆ ಅಡಿಕೆಯಿಂದ ಹಿಡಿದು ನನ್ನ ಬುದ್ಧಿಯವರೆಗೆ ಎಲ್ಲಕ್ಕೂ ಬೈದಳು.

ಕಣ್ಣಿನ ಡಾಕ್ಟರು ರೆಪ್ಪೆ ಮಗುಚಿ, ಉಳಿದಿದ್ದ ಸುಣ್ಣದ ಚೂರು ತೆಗೆದರು. ಹಳದಿ ಕಾಗದದ ತುಂಡೊಂದನ್ನು ಕೆಳರೆಪ್ಪೆಯೊಳಗೆ ಮುಟ್ಟಿಸಿದರು. ಅದು ನೀಲಿಗೆ ತಿರುಗಿತು. ಡಬ್ಬಿಯ ಮೇಲಿದ್ದ ಬಣ್ಣಗಳಿಗೆ ಹೋಲಿಸಿ ನೋಡಿ, "ಪಿಎಚ್ ಒಂಬತ್ತಿದೆ. ಏಳಕ್ಕೆ ಇಳೀಬೇಕು" ಎಂದರು.

"ಎರಡೇ ತಾನೇ ಹೆಚ್ಚು?" ಎಂದೆ.

ಅಕ್ಕ ರೇಗಿದಳು. "ಅದು ಬಸ್ ಟಿಕೆಟಿನ ಲೆಕ್ಕ ಅಲ್ಲ ಮಾರಾಯ. ಏಳರ ಕೆಳಗೆ ಆಮ್ಲ, ಮೇಲೆ ಕ್ಷಾರ. ಒಂದೊಂದು ಮೆಟ್ಟಿಲಿಗೂ ಹತ್ತು ಪಟ್ಟು. ಎರಡು ಮೆಟ್ಟಿಲು ಅಂದ್ರೆ ನೂರು ಪಟ್ಟು! ನಿನ್ನ ಸುಣ್ಣ ಹನ್ನೆರಡರಲ್ಲಿತ್ತು, ಗೊತ್ತಾ?"

ಗೊತ್ತಾದ ಮೇಲೆ ನಾನೇ ರೆಪ್ಪೆ ಅಗಲಿಸಿ ಹಿಡಿದು ಡಾಕ್ಟರ ಮುಂದೆ ಮುಖ ಒಡ್ಡಿದೆ.

ಡಾಕ್ಟರು ಬಾಟಲಿಗಟ್ಟಲೆ ಸಲೈನಿನಲ್ಲಿ ಮತ್ತೆ ತೊಳೆದರು. ಕಾಗದ ಮುಟ್ಟಿಸಿದರು, ಮತ್ತೆ ತೊಳೆದರು. ಕೊನೆಗೊಮ್ಮೆ ಕಾಗದ ತಿಳಿಹಸಿರಿಗೆ ನಿಂತಿತು.

"ಏಳು," ಎಂದರು ಡಾಕ್ಟರು. "ಮನೆಯಲ್ಲೇ ತೊಳೆದದ್ದು ಒಳ್ಳೇದಾಯ್ತು. ಈಗ ಎಡಗಣ್ಣು ಮುಚ್ಚಿ. ಎದುರಿಗೆ ಏನು ಕಾಣ್ತದೆ, ಹೇಳಿ."

ಮೊದಲು ಬರೀ ಮಂಜು. ರೆಪ್ಪೆ ಬಡಿದು ಬಡಿದು ನೋಡಿದೆ. ಗೋಡೆಯ ಮೇಲೆ ಅಕ್ಷರಗಳ ಬೋರ್ಡಿತ್ತು, ಅದನ್ನು ಓದಲಾಗಲಿಲ್ಲ. ಅದರ ಪಕ್ಕದಲ್ಲಿ ದಾರಿಯುದ್ದಕ್ಕೂ ಬೈದವಳು ಬಾಯಿಗೆ ಸೆರಗು ಒತ್ತಿ ನಿಂತಿದ್ದಳು.

"ಅಕ್ಕ ಅಳ್ತಿದಾಳೆ," ಎಂದೆ.