ರಂಗೇಗೌಡರ ಬಲಭುಜ

ರಂಗೇಗೌಡರ ಬಲಗೈ ಭುಜದಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಅಂಗಿ ತೊಡುವಾಗ ಮೊದಲು ಆ ಕೈ ತೂರಿಸಿ, ಆಮೇಲೆ ಇಡೀ ಮೈಯನ್ನೇ ಗಿರಕಿ ತಿರುಗಿಸಿ ಎಡತೋಳು ಹುಡುಕುತ್ತಿದ್ದರು. ನೋಡಿದವರು ನಕ್ಕರೆ ತಾವೂ ನಗುತ್ತಿದ್ದರು.

ಸೈನ್ಯದ ದೋಣಿ ಸ್ಪರ್ಧೆಯ ತಂಡದಲ್ಲಿದ್ದವರು, ನಿವೃತ್ತರಾಗಿ ಯಸಳೂರು ಕಡೆಯ ಕಾಫಿ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಭಾನುವಾರ ಮಾತ್ರ ಬಸ್ಸು ಹಿಡಿದು ಆಲೂರು ಬಳಿಯ ಹೇಮಾವತಿ ಹಿನ್ನೀರಿಗೆ ಬರುತ್ತಿದ್ದರು. ಅಲ್ಲಿ ಅವರು ತರಿಸಿಟ್ಟ ಒಬ್ಬರೇ ಕೂತು ಹುಟ್ಟು ಹಾಕುವ ಎರಡು ಹಳೆಯ ಕಯಾಕ್ ದೋಣಿಗಳಿದ್ದವು. ತೊಂಬತ್ತರ ದಶಕದ ಕೊನೆಯಲ್ಲಿ, ಬಾಳ್ಳುಪೇಟೆಯಿಂದ ಕಾಲೇಜಿಗೆ ಹೋಗುತ್ತಿದ್ದ ನಾನು ಅವರ ಶಿಷ್ಯೆಯಾದೆ.

ಮೊದಲ ತಿಂಗಳು ನೀರಿಗೇ ಇಳಿಸಲಿಲ್ಲ. ದಡದ ಕಲ್ಲಿನ ಮೇಲೆ ಕೂರಿಸಿ, ಹೆಗಲಿಗೆ ಬಿದಿರುಕೋಲು ಅಡ್ಡ ಇಟ್ಟು, ಸೊಂಟದಿಂದ ಎಡಕ್ಕೂ ಬಲಕ್ಕೂ ತಿರುಗಿಸುತ್ತಿದ್ದರು.

"ಕೈಯಿಂದ ಎಳೀಬ್ಯಾಡ ಕಣವ್ವ. ಕಾಲು ಒದೀಬೇಕು, ಸೊಂಟ ತಿರುಗ್ಬೇಕು. ಹುಟ್ಟು ನೀರಲ್ಲಿ ನೆಟ್ಟಂಗಿರ್ಲಿ, ದೋಣಿನೇ ಅದರ ತಾವ ಹೋಗ್ಲಿ."

ಅಭ್ಯಾಸ ಮುಗಿಸಿ ಬಂದು ಮೊದಲ ಸಲ ತೋಳಲ್ಲ, ತೊಡೆ ನೋಯುತ್ತಿದೆ ಎಂದಾಗ ಹಿಗ್ಗಿ ಹೋಗಿ ಕಡಲೆಕಾಯಿ ಕೊಡಿಸಿದರು.

ರಾಜ್ಯಮಟ್ಟದ ಆಯ್ಕೆ ಸ್ಪರ್ಧೆಗೆ ವಾರವಿತ್ತು. ವೇಗದ ಆಸೆಗೆ ನಾನು ತೋಳಿನಿಂದಲೇ ಎಳೆಯತೊಡಗಿದ್ದೆ. ಭುಜದ ನೋವನ್ನು ಯಾರಿಗೂ ಹೇಳಿರಲಿಲ್ಲ. ದಡದಿಂದಲೇ ಕಂಡುಹಿಡಿದ ಗೌಡರು ಕರೆದರು.

"ಯಾವತ್ತಿಂದ?"

"ಏನಿಲ್ಲ ಸರ್."

"ಬಲಗಡೆ ಹುಟ್ಟು ಬಿದ್ದಾಗೆಲ್ಲ ಮೊಣಕೈ ಮೇಲಕ್ಕೆ ಬತ್ತೈತೆ. ಈ ಸಲ ಹೋಗ್ಬ್ಯಾಡ."

ನನಗೆ ಸಿಟ್ಟು ತಡೆಯಲಾಗಲಿಲ್ಲ. "ನಿಮ್ ಕೈ ಹೋಯ್ತು ಅಂತ ನನ್ಗೂ ಪದಕ ಬ್ಯಾಡ್ವಾ?" ಎಂದುಬಿಟ್ಟೆ.

ಅವರು ನನ್ನ ಕೈಯಿಂದ ಹುಟ್ಟು ತೆಗೆದುಕೊಂಡು ಕಲ್ಲಿಗೆ ಒರಗಿಸಿದರು. "ನಾನೂ ನೋವು ಮುಚ್ಚಿಟ್ಕೊಂಡು ಹೋಗ್ಬುಟ್ಟೆ. ಪದಕ ಬಂತು. ಮಗಳು ಹುಟ್ದಾಗ ಮೇಲಕ್ಕೆ ಎತ್ತಿ ಆಡ್ಸಾಕೆ ಕೈ ಬರ್ನಿಲ್ಲ."

ನಾನು ಹೋಗಲಿಲ್ಲ. ಮತ್ತೆ ಮೊದಲಿಂದ ಕಲಿತೆ. ಮುಂದಿನ ವರ್ಷ ಅದೇ ಸ್ಪರ್ಧೆಯಲ್ಲಿ ಮೂರನೆಯವಳಾಗಿ ಬಂದಾಗ, ಗೌಡರು ಕಾಯಿಲೆಬಿದ್ದು ಹೊಂಗಡಹಳ್ಳದ ಮಗಳ ಮನೆಯಲ್ಲಿದ್ದರು. ನೋಡಲು ಹೋದೆ. ಪದಕವನ್ನು ಹಾಗೇ ಪಕ್ಕಕ್ಕಿಟ್ಟು, "ಮುಂದಿದ್ದ ಇಬ್ರೂ ಹೆಂಗೆ ಹುಟ್ಟು ಹಾಕಿದ್ರು, ತೋರ್ಸು" ಎಂದರು. ಜಗಲಿಯಲ್ಲಿ ಕೂತು ಒಂದು ಕೋಲು ಹಿಡಿದು ಇಬ್ಬರ ರೀತಿಯನ್ನೂ ಮಾಡಿ ತೋರಿಸಿದೆ. ಎರಡನೆಯವಳದ್ದನ್ನು ಮತ್ತೆ ಮತ್ತೆ ಮಾಡಿಸಿದರು.

"ಆ ಹುಡ್ಗಿ ಭುಜ ಹೋಗ್ತೈತೆ. ಅವಳಿಗೊಂದು ಮಾತು ಹೇಳವ್ವ."

ಆಗಲಿ ಎಂದು ಬಂದೆ. ಆದರೆ ನನ್ನನ್ನು ಸೋಲಿಸಿದವಳಿಗೆ ನಾನೇಕೆ ಹೇಳಲಿ ಎಂದು ಎರಡು ತಿಂಗಳು ಸುಮ್ಮನಿದ್ದೆ. ಗೌಡರು ತೀರಿಕೊಂಡ ಸುದ್ದಿ ಬಂದ ದಿನ, ಕೂತು ಆ ಹುಡುಗಿಗೆ ಅವಳ ಭುಜದ ಬಗ್ಗೆ ಕಾಗದ ಬರೆದೆ.